ಜಮಾದಾರನ ಮುಂಗಾಲು

ನಾಯಿಗೆ ಔಷಧಿ ಕುಡಿಸಬಹುದು, ನಾಯಿಯ ಮನೆಯವರಿಗೆ ಬುದ್ಧಿ ಹೇಳಲಾಗದು ಎಂದು ಪಶುವೈದ್ಯರೆಲ್ಲ ಗೊಣಗುತ್ತಾರೆ. ಆ ಮನೆಯವರು ತನ್ನ ಮನೆಯವರೇ ಆಗಿಬಿಟ್ಟರೆ ಗೊಣಗುವುದಕ್ಕೂ ಜಾಗವಿರುವುದಿಲ್ಲ. ಡಾಕ್ಟ್ರಮ್ಮನ ಪಾಡು ಈಗ ಅದೇ ಆಗಿತ್ತು. ಆಸ್ಪತ್ರೆಯಲ್ಲಿ ಅವಳ ಮಾತಿಗೆ ಎದುರಾಡುವವರಿಲ್ಲ. ಮನೆಯ ಬಾಗಿಲು ದಾಟಿದರೆ ಗಂಡ, ಮೇಲಿನ ಮಹಡಿಯ ಅಜ್ಜಿ, ಇಸ್ತ್ರಿಯವನು, ಹಾಲಿನವಳು, ಎಲ್ಲರೂ ನರರೋಗ ತಜ್ಞರೇ.

ನಾಯಿಯ ಹೆಸರು ಜಮಾದಾರ. ಅವನು ಮಾವನ, ಎಂದರೆ ಗಂಡನ ಅಪ್ಪನ, ನಾಯಿ. ಮಾವ ಟೈಲರ್. ಕೋಟು ಹೊಲಿಯುವುದರಲ್ಲಿ ಎತ್ತಿದ ಕೈ ಎಂದು ಊರೇ ಹೇಳುತ್ತಿದ್ದ ಕಾಲ ಹೋಗಿದ್ದರೂ ಅಂಗಡಿ ಇನ್ನೂ ಇತ್ತು, ಕತ್ತರಿ ಇನ್ನೂ ಹರಿತವಾಗಿತ್ತು. ಅವರ ಕನ್ನಡಕದ ಡಬ್ಬಿಯಲ್ಲಿ ಕನ್ನಡಕ ಇದ್ದುದನ್ನು ಕಂಡವರಿಲ್ಲ. ಅದು ಮೂಗಿನ ಮೇಲೋ ತಲೆಯ ಮೇಲೋ ಇರುತ್ತಿತ್ತು, ಡಬ್ಬಿಯ ತುಂಬ ಬಿಸ್ಕತ್ತಿನ ಚೂರು. ಮುಚ್ಚಳ ಟಕ್ ಎಂದರೆ ಜಮಾದಾರ ಮನೆಯ ಯಾವ ಮೂಲೆಯಲ್ಲಿದ್ದರೂ ಹಾಜರು.

ಒಂದು ಬೆಳಿಗ್ಗೆ ಮಾವ ಎಂದಿನಂತೆ ಬೆಲ್ಟನ್ನು ಬಲಗೈಗೆ ಸುತ್ತಿಕೊಂಡು ಅವನ ಜೊತೆ ತಿರುಗಾಡಲು ಹೊರಟಿದ್ದರು. ತಿರುವಿನಲ್ಲಿ ಕಣ್ಣುಮುಚ್ಚಿಕೊಂಡು ಬಂದ ಸ್ಕೂಟರೊಂದು ನಾಯಿಯ ಬಲ ಮುಂಗಾಲನ್ನು ಸಿಕ್ಕಿಸಿಕೊಂಡು ಎಳೆಯಿತು, ನಾಯಿ ಮಾವನನ್ನು ಎಳೆಯಿತು, ಮಾವ ಫುಟ್‌ಪಾತಿನ ಅಂಚಿನ ಮೇಲೆ ಬಿದ್ದು ತೋಳಿನ ಮೂಳೆ ಮುರಿದುಕೊಂಡರು. ಮೂಳೆಯನ್ನೇನೋ ಕೂಡಿಸಿದರು. ಆದರೆ ಅದನ್ನು ಸುತ್ತಿಕೊಂಡು ಇಳಿಯುವ ನರಕ್ಕೆ ಪೆಟ್ಟು ಬಿದ್ದಿತ್ತು. ಮಣಿಕಟ್ಟು ಮೇಲಕ್ಕೇಳದೆ ಹಸ್ತ ಒದ್ದೆ ಬಟ್ಟೆಯಂತೆ ಜೋತುಬಿತ್ತು. ನಾಯಿಗೆ ಒಂದು ಮೂಳೆಯೂ ಮುರಿದಿರಲಿಲ್ಲ, ಆದರೂ ಅದರ ಕಾಲು ಹಾಗೆಯೇ ಜೋತುಬಿದ್ದಿತ್ತು. ಪಂಜ ಹಿಂದಕ್ಕೆ ಮಡಚಿಕೊಂಡು, ಬೆರಳುಗಳ ಮೇಲ್ಭಾಗ ನೆಲಕ್ಕೆ ಉಜ್ಜುತ್ತಿತ್ತು.

"ನೋಡಮ್ಮ, ಇಬ್ಬರಿಗೂ ಒಂದೇ ಕಾಯಿಲೆ. ವಾಸಿಯಾದ್ರೆ ಇಬ್ಬರಿಗೂ ಒಟ್ಟಿಗೆ ಆಗಬೇಕು," ಎಂದರು ಮಾವ, ತಮ್ಮ ಕೈಯನ್ನೂ ನಾಯಿಯ ಕಾಲನ್ನೂ ಪಕ್ಕಪಕ್ಕ ಇಟ್ಟು.

ಕಾಯಿಲೆ ಒಂದೇ ಅಲ್ಲವೆಂದು ಅವಳು ಅಂದೇ ಖಡಾಖಂಡಿತವಾಗಿ ಹೇಳಬೇಕಿತ್ತು. ಜಜ್ಜಿದ ನರ ಮೆಲ್ಲಗೆ ಚಿಗುರಿಕೊಳ್ಳುತ್ತದೆ. ಬೆನ್ನುಹುರಿಯ ಬುಡದಲ್ಲೇ ಕಿತ್ತುಬಂದ ನರ ಏನು ಮಾಡಿದರೂ ಚಿಗುರುವುದಿಲ್ಲ. ಜಮಾದಾರನದು ಯಾವುದು ಎಂಬುದಷ್ಟೇ ಪ್ರಶ್ನೆ. ಅದಕ್ಕೊಂದು ಪರೀಕ್ಷೆಯಿದೆ. ಕಾಲ್ಬೆರಳನ್ನು ಇಕ್ಕಳದಂಥ ಫೋರ್ಸೆಪ್ಸಿನಲ್ಲಿ ಮೂಳೆಗೆ ತಾಗುವಂತೆ ಅದುಮಬೇಕು. ನಾಯಿ ಅತ್ತರೆ, ಕಚ್ಚಲು ಬಂದರೆ, ಕೊನೆಗೆ ತಿರುಗಿಯಾದರೂ ನೋಡಿದರೆ ನೋವು ಮಿದುಳಿಗೆ ತಲುಪುತ್ತಿದೆ, ಕಾಯಬಹುದು.

ಅವಳು ನಡುಮನೆಯಲ್ಲಿ ಚಾಪೆಯ ಮೇಲೆ ಕೂತು ಅದುಮಿದಳು. ಫೋರ್ಸೆಪ್ಸಿನ ಹಿಡಿಗಳ ನಡುವಿನ ಹಲ್ಲುಗಳು ಟಕ್ ಎಂದು ಕಚ್ಚಿಕೊಂಡವು. ಜಮಾದಾರ ಕುಂಯ್ ಎನ್ನಲಿಲ್ಲ, ಆದರೆ ತಟ್ಟನೆ ತಿರುಗಿ ನೋಡಿದ. ಬಿಟ್ಟು ಮತ್ತೆ ಅದುಮಿದಳು. ಮತ್ತೆ ತಿರುಗಿದ. ಗಟ್ಟಿ ಜೀವ, ಅಳುವುದಿಲ್ಲ ಎಂದುಕೊಂಡಳು. ಬಲಗಣ್ಣಿನ ಪಾಪೆ ಎಡಗಣ್ಣಿನದಕ್ಕಿಂತ ಚಿಕ್ಕದಾಗಿತ್ತು, ರೆಪ್ಪೆ ಒಂಚೂರು ಇಳಿಬಿದ್ದಿತ್ತು. ಬುಡದಲ್ಲಿ ನರ ಕಿತ್ತಾಗ ಕಣ್ಣು ಹಾಗಾಗುತ್ತದೆಂದು ಅವಳಿಗೆ ಗೊತ್ತಿಲ್ಲದ ವಿಷಯವೇನಲ್ಲ. ಮುಖವೂ ರಸ್ತೆಗೆ ಉಜ್ಜಿದೆಯಲ್ಲ, ಅದರ ಊತ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಬೇರೆಯವರ ನಾಯಿಯಾಗಿದ್ದರೆ ಹಾಗೆ ಹೇಳಿಕೊಳ್ಳುತ್ತಿರಲಿಲ್ಲ.

"ನರದಲ್ಲಿ ಜೀವ ಇದೆ ಮಾವ. ಕಾಯೋಣ," ಎಂದಳು. ಮಾವನ ಮುಖ ಅರಳಿತು.

ಅಲ್ಲಿಂದ ಶುರುವಾಯಿತು ಇಬ್ಬರ ಕಸರತ್ತು. ಫಿಸಿಯೋಥೆರಪಿಯವಳನ್ನು ಕಂಡರೆ ಮಾವನಿಗೆ ಆಗುತ್ತಿರಲಿಲ್ಲ. "ನನ್ನನ್ನ ಎಳೆಮಗು ಥರ ಮಾತಾಡಿಸ್ತಾಳೆ," ಎಂದು ಅತ್ತ ತಲೆಹಾಕುವುದನ್ನೇ ಬಿಟ್ಟಿದ್ದರು. ಮಗ ಹೇಳಿದರೆ ಕೇಳಲಿಲ್ಲ. ನಾಯಿಯ ಜೊತೆಗೆಂದರೆ ತಯಾರು. ಅವಳು ಜಮಾದಾರನ ಪಂಜಕ್ಕೆ ಪಟ್ಟಿ ಕಟ್ಟಿ, ದಬ್ಬೆಯಿಟ್ಟು ನೇರ ನಿಲ್ಲಿಸಿ, ಕೀಲುಗಳನ್ನು ಒಂದೊಂದಾಗಿ ಮಡಚಿ ಬಿಡಿಸುತ್ತಿದ್ದರೆ, ಮಾವ ಪಕ್ಕದಲ್ಲಿ ಕೂತು ಎಡಗೈಯಿಂದ ಬಲಗೈಯನ್ನು ಎತ್ತಿ ಇಳಿಸುತ್ತಿದ್ದರು. "ಎತ್ತೋ ಜಮಾದಾರ, ಸೋಮಾರಿ," ಎಂದು ನಾಯಿಯನ್ನು ಬೈಯುವಾಗ ಅವರು ಬೈಯುತ್ತಿದ್ದುದು ತಮ್ಮ ಕೈಯನ್ನೇ. ಅವಳಿಗೆ ಅದು ತಿಳಿಯುತ್ತಿತ್ತು. ಹೇಗಾದರೂ ಮುದುಕರ ಕೈ ಆಡುತ್ತಿರಲಿ ಎಂದು, ಮಾವ ಸುಸ್ತಾದ ದಿನ ಬೇಕಂತಲೇ, "ಇವತ್ತು ಇವನೇ ಮುಂದೆ ಹೋಗಿಬಿಟ್ಟ ನೋಡಿ," ಎಂದು ಕೆಣಕುತ್ತಿದ್ದಳು.

ಕಾಲು ಮಾತ್ರ ಜಪ್ಪಯ್ಯ ಎನ್ನಲಿಲ್ಲ. ವಾರಗಳು ಕಳೆದಂತೆ ಭುಜದ ಸ್ನಾಯು ಇಳಿದು ಮೂಳೆ ಎದ್ದು ಕಾಣತೊಡಗಿತು. ಎಷ್ಟು ಪಟ್ಟಿ ಸುತ್ತಿದರೂ ಪಂಜದ ಮೇಲ್ಭಾಗ ಸವೆದು ಗಾಯವಾಯಿತು. ಅದು ಮಾಯುವಷ್ಟರಲ್ಲಿ ಪಕ್ಕದಲ್ಲಿ ಇನ್ನೊಂದು. ಮೇಲಿನ ಮಹಡಿಯ ಅಜ್ಜಿ ಯಾವುದೋ ಎಣ್ಣೆ ತಂದುಕೊಟ್ಟರು. ಇಸ್ತ್ರಿಯವನು ಬಿಸಿ ಶಾಖ ಕೊಡಿ ಎಂದ. ನೋವೇ ಗೊತ್ತಾಗದ ಚರ್ಮಕ್ಕೆ ಶಾಖ ಕೊಟ್ಟರೆ ಸುಟ್ಟು ಬೊಬ್ಬೆ ಬರುತ್ತದೆ ಎಂದು ಅವನಿಗೆ ವಿವರಿಸುತ್ತಿದ್ದವಳು ಅರ್ಧಕ್ಕೇ ತಡವರಿಸಿದಳು. ನೋವು ಗೊತ್ತಾಗುತ್ತದೆ ಎಂದು ಹೇಳಿದವಳೂ ಅವಳೇ ಅಲ್ಲವೇ?

ಗಂಡನಂತೂ ಗಾಯದ ಮೇಲೆ ಬರೆ ಎಳೆದ. "ನಿನ್ನ ಕೈಲಿ ಆಗಲ್ಲ ಅಂದ್ರೆ ದೊಡ್ಡಾಸ್ಪತ್ರೆಗೆ ತೋರಿಸೋಣ. ಅದರಲ್ಲಿ ನಾಚಿಕೆ ಏನಿದೆ?"

"ಅಲ್ಲಿ ಹೋದ್ರೂ ನನ್ನ ಜೊತೆ ಓದಿದವನೇ ನೋಡೋದು. ಕಾಪಿ ಹೊಡೆದು ಪಾಸಾದವನು," ಎಂದಳು. ಪಿತ್ತ ನೆತ್ತಿಗೇರಿತ್ತು. ಗಂಡನ ಮೇಲಲ್ಲ, ಆ ಕಾಲಿನ ಮೇಲೆ. ಅಷ್ಟು ಸೇವೆ ಮಾಡಿದರೂ ಒಂದಿಷ್ಟು ಕೃತಜ್ಞತೆ ಬೇಡವೇ ಅದಕ್ಕೆ!

ಆಮೇಲೆ ಜಮಾದಾರ ತನ್ನ ಕಾಲನ್ನು ತಾನೇ ಕಡಿಯತೊಡಗಿದ. ಮಾವ ಒಳಗೆ ಹೋಗಿ ಬರುವಷ್ಟರಲ್ಲಿ ಪಟ್ಟಿ ಹರಿದು, ಹೊರಬೆರಳನ್ನು ಉಗುರುಸಮೇತ ಜಗಿದುಬಿಟ್ಟಿದ್ದ. ಚಾಪೆ ತುಂಬ ರಕ್ತ. ಬಾಲ ಮಾತ್ರ ಅಲ್ಲಾಡುತ್ತಿತ್ತು. ಡಾಕ್ಟ್ರಮ್ಮ ಅವನನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದಳು.

ಅಲ್ಲಿ ಗಾಯ ತೊಳೆದದ್ದಾಯಿತು. ಕಾಂಪೌಂಡರ್ ಅವನು ಮತ್ತೆ ಕಾಲು ಕಡಿಯದಂತೆ ಕುತ್ತಿಗೆಗೆ ಅಗಲವಾದ ಪ್ಲಾಸ್ಟಿಕ್ಕಿನ ಕೊರಳಪಟ್ಟಿ ತೊಡಿಸಿ, ಮೂಲೆಗೆ ಹೋಗಿ ಸೂಜಿಗಳ ಸ್ಟೀಲ್ ಡಬ್ಬಿ ಮುಚ್ಚಿದ. ಟಕ್.

ಜಮಾದಾರ ತಿರುಗಿ ನೋಡಿದ.

ಯಾರೂ ಅವನನ್ನು ಮುಟ್ಟಿರಲಿಲ್ಲ. ಕಿವಿ ನಿಮಿರಿತ್ತು, ನಾಲಗೆ ತುಟಿ ಸವರಿತು. ಅದೇ ನೋಟ. ಚಾಪೆಯ ಮೇಲೆ ಅವಳು ನೋವೆಂದು ನಂಬಿದ್ದ ನೋಟ. ಅವಳು ಟ್ರೇಯಿಂದ ಫೋರ್ಸೆಪ್ಸ್ ತೆಗೆದುಕೊಂಡು, ನಾಯಿಯಿಂದ ಮಾರುದೂರ ನಿಂತು, ಬರೀ ಗಾಳಿಯಲ್ಲಿ ಒತ್ತಿದಳು. ಟಕ್. ಜಮಾದಾರ ಅವಳತ್ತ ತಿರುಗಿ ಬಿಸ್ಕತ್ತಿಗಾಗಿ ಕಾದ.

"ಏನ್ ಮೇಡಂ?" ಎಂದ ಕಾಂಪೌಂಡರ್.

"ಸದ್ದು ಮಾಡಬೇಡ. ಅವನ ತಲೆ ಆ ಕಡೆ ತಿರುಗಿಸಿ ಹಿಡ್ಕೋ."

ಈ ಸಲ ಹಲ್ಲುಗಳು ಕಚ್ಚಿಕೊಳ್ಳದಂತೆ ಹಿಡಿಗಳ ನಡುವೆ ಬೆರಳಿಟ್ಟು, ಮೆಲ್ಲಗೆ, ಸದ್ದಿಲ್ಲದೆ, ಇದ್ದ ಬಲವೆಲ್ಲ ಹಾಕಿ ಅದುಮಿದಳು. ಒಂದು ಬೆರಳು, ಇನ್ನೊಂದು ಬೆರಳು, ಮಣಿಕಟ್ಟಿನ ಚರ್ಮ, ಮೊಣಕೈ. ಜಮಾದಾರ ಕಿಟಕಿಯ ಆಚೆ ಕೂತಿದ್ದ ಕಾಗೆಯನ್ನು ನೋಡುತ್ತಿದ್ದ. ಎಡಗಾಲಿನ ಬೆರಳಿಗೆ ಸ್ವಲ್ಪ ಒತ್ತಿದ್ದೇ ತಡ, ಕಿರುಚಿ ಕಾಂಪೌಂಡರನ ಕೈಯಿಂದ ನುಣುಚಿಕೊಂಡ.

ಅವಳು ಫೋರ್ಸೆಪ್ಸನ್ನು ಟ್ರೇಗೆ ಹಾಕಿದಳು. ಎಂಥ ದಡ್ಡಿ! ಕಾಲೇಜಿಗೆ ಕಾಲಿಟ್ಟ ಮೊದಲ ವರ್ಷದವರೂ ಮಾಡದ ತಪ್ಪು. ಮಾಡುವುದಕ್ಕೆ ಅವರ ಮನೆಯಲ್ಲಿ ಕನ್ನಡಕದ ಡಬ್ಬಿಯಿಂದ ಬಿಸ್ಕತ್ತು ಹಾಕುವ ಮಾವನಾದರೂ ಇರಬೇಕಲ್ಲ. ಅಷ್ಟು ದಿನ ಕಟ್ಟಿದ ಪಟ್ಟಿ, ಮಡಚಿದ ಕೀಲು, ಎಲ್ಲ ಸತ್ತ ಕಾಲಿಗೆ. ಕಾಲು ತೆಗೆಯುವುದೊಂದೇ ದಾರಿ. ತೆಗೆಯದಿದ್ದರೆ ಗಾಯ ಮೂಳೆಗಿಳಿದು ನಾಯಿಯೇ ಉಳಿಯುವುದಿಲ್ಲ. ತೆಗೆದರೆ? ಮಾವನ ಕಸರತ್ತು ನಿಂತಿರುವುದೆಲ್ಲ ಆ ಕಾಲಿನ ಮೇಲೇ. ಅವರನ್ನು ಅಲ್ಲಿ ನಿಲ್ಲಿಸಿದವಳೂ ಅವಳೇ.

ಮನೆಗೆ ಹೋಗಿ ಸುತ್ತಿಬಳಸದೆ ಹೇಳಿದಳು. ಮಾವ ಕೊನೆಯವರೆಗೂ ಕೇಳಿಸಿಕೊಂಡರು.

"ಅಂದ್ರೆ ಮೊದಲ ದಿನದಿಂದಲೂ ಸತ್ತಿತ್ತು."

"ಹೌದು ಮಾವ."

"ನೀನು ಜೀವ ಇದೆ ಅಂದೆ."

"ತಪ್ಪಾಯ್ತು. ನಿಮ್ಮ ಕೈದು ಹಾಗಲ್ಲ, ಅದು ಬೇರೆ..."

"ಅದನ್ನ ಬಿಡು," ಎಂದರು ಮಾವ. "ನಾಯಿ ಉಳೀಬೇಕು. ಕತ್ತರಿಸು." ಎಡಗೈಯಿಂದ ಬಲಗೈಯನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡು, ಗೋಡೆಯ ಕಡೆ ಮುಖಮಾಡಿ ಕೂತರು.

ಶಸ್ತ್ರಚಿಕಿತ್ಸೆ ಅವಳೇ ಮಾಡಿದಳು. ಭುಜದ ಹತ್ತಿರ ಬಿಡಿಸಿ ನೋಡಿದಾಗ, ಬಿಗಿಯಾಗಿರಬೇಕಾದ ನರಗಳು ಬುಡ ಕಳಚಿದ ದಾರಗಳಂತೆ ಸಡಿಲವಾಗಿ ಕೈಗೆ ಬಂದವು. ಇನ್ನು ಅನುಮಾನಕ್ಕೆ ಎಡೆಯಿರಲಿಲ್ಲ. ಅದರಿಂದ ಅವಳಿಗೆ ನೆಮ್ಮದಿಯೇನೂ ಆಗಲಿಲ್ಲ.

ಜಮಾದಾರನಿಗೆ ಮಾತ್ರ ದೊಡ್ಡ ಹೊರೆ ಇಳಿದಂತಾಗಿತ್ತು. ಹೊಲಿಗೆ ಬಿಚ್ಚುವ ಮೊದಲೇ ಮೂರು ಕಾಲಿನಲ್ಲಿ ಮೆಟ್ಟಿಲಿಳಿದು, ಮೇಲಿನ ಮಹಡಿಯ ಅಜ್ಜಿಯ ಬೆಕ್ಕನ್ನು ಬೀದಿಯ ತುದಿಯವರೆಗೆ ಅಟ್ಟಿಕೊಂಡು ಹೋದ. ನೋಡಿದವರೆಲ್ಲ ಶಭಾಷ್ ಎಂದರು. ಇಸ್ತ್ರಿಯವನು, "ನಾನು ಮೊದಲೇ ಹೇಳಿದ್ದೆ," ಎಂದ. ಏನು ಹೇಳಿದ್ದ ಎಂದು ಅವನಿಗೇ ಗೊತ್ತಿರಲಿಕ್ಕಿಲ್ಲ.

ಮಾವ ಕುರ್ಚಿ ಬಿಟ್ಟೇಳಲಿಲ್ಲ. ಕಸರತ್ತು ನಿಂತಿತು. ಅಂಗಡಿಯ ಬೀಗದಕೈಯನ್ನು ಮಗನಿಗೆ ಕೊಟ್ಟು, ಯಾರಿಗಾದರೂ ಬಾಡಿಗೆಗೆ ಕೊಟ್ಟುಬಿಡು ಎಂದರು. ಸೊಸೆ ಮುಂದೆ ಬಂದರೆ ಕಣ್ಣುಮುಚ್ಚಿ ನಿದ್ದೆಯ ನಾಟಕ. ಅವಳು ರಮಿಸಿದಳು, ಗಂಡನಿಂದ ಹೇಳಿಸಿದಳು, ಫಿಸಿಯೋಥೆರಪಿಯವಳನ್ನು ಮನೆಗೇ ಕರೆಸಿದಳು. ಕಲ್ಲಿನ ಮೇಲೆ ನೀರು ಹೊಯ್ದಂತೆ. ಜೋತುಬಿದ್ದ ಆ ಹಸ್ತದ ಬೆರಳುಗಳು ಒಳಕ್ಕೆ ಮುದುರುತ್ತಿದ್ದುದನ್ನು ದಿನಾ ನೋಡಿ ಅವಳಿಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಹೀಗೇ ಬಿಟ್ಟರೆ ನರ ಚಿಗುರಿ ಬಂದರೂ ಕೀಲು ಹಿಡಿದುಕೊಂಡಿರುತ್ತದೆ.

ಒಂದು ಮಧ್ಯಾಹ್ನ ತಡೆಯಲಾಗಲಿಲ್ಲ. ಅನ್ನದ ತಟ್ಟೆಯನ್ನು ಮಾವನ ಮುಂದೆ ಕುಕ್ಕಿ, ಜೋರಾಗಿಯೇ ಅಂದಳು: "ತಪ್ಪು ಮಾಡಿದವಳು ನಾನು. ಕಾಲು ಹೋಗಿದ್ದು ನಾಯಿದು. ನಿಮ್ಮ ಕೈ ಯಾಕೆ ಶಿಕ್ಷೆ ಅನುಭವಿಸಬೇಕು? ಇದು ಬರೋ ಕೈ ಮಾವ. ನಾಯಿದು ಕಿತ್ತಿತ್ತು, ನಿಮ್ಮದು ಜಜ್ಜಿದೆ. ಎಷ್ಟು ಸಲ ಹೇಳಲಿ?"

ಮಾವ ಕಣ್ಣು ಬಿಟ್ಟರು. "ನೀನು ಯಾವ ಕೈ ನೋಡಿ ಹೇಳ್ತಿದೀಯ?"

"ಅಂದ್ರೆ?"

"ಆ ನಾಯಿ ಕಾಲನ್ನ ದಿನಾ ಮಡಿಲಲ್ಲಿ ಇಟ್ಕೊಂಡು ಒಂದೊಂದೇ ಬೆರಳು ನೀವಿದೆ. ಪಕ್ಕದಲ್ಲೇ ಕೂತಿದ್ದೆನಲ್ಲ ನಾನು. ಒಂದು ದಿನವಾದ್ರೂ ಈ ಕೈ ಮುಟ್ಟಿ ನೋಡಿದೀಯಾ?"

ಅವಳು ಒಂದು ದಿನವೂ ಮುಟ್ಟಿರಲಿಲ್ಲ. ತಾನು ದನ-ನಾಯಿಗಳ ಡಾಕ್ಟರು, ಮನುಷ್ಯರದು ತನಗೆ ಸೇರಿದ್ದಲ್ಲ ಎಂದುಕೊಂಡಿದ್ದಳು. ಮಾವ, ಹಿರಿಯರು ಎಂಬ ಸಂಕೋಚವೂ ಇತ್ತು. ಕೈಯ ವಿಷಯವಾಗಿ ಅವಳು ಹೇಳಿದ್ದೆಲ್ಲ ಮೂಳೆ ಡಾಕ್ಟರು ಹೇಳಿದ್ದು, ಪುಸ್ತಕ ಹೇಳಿದ್ದು. ಅವಳ ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲಿಲ್ಲ.

ತಟ್ಟೆ ಸರಿಸಿ, ನೆಲದ ಮೇಲೆ ಕೂತು, ಆ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ತಣ್ಣಗಿತ್ತು. ಮುದುರಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಹೊಲಿದು ಹೊಲಿದು ಒರಟಾದ ತುದಿಗಳು. ಮಣಿಕಟ್ಟು ಎತ್ತಿ ಎಂದಳು, ಏಳಲಿಲ್ಲ. ಹೆಬ್ಬೆರಳು ಎಂದಳು, ಇಲ್ಲ. ಪೆಟ್ಟು ಬಿದ್ದ ಜಾಗಕ್ಕೆ ಹತ್ತಿರದ ಸ್ನಾಯು ಮೊದಲು ಏಳುತ್ತದೆ ಎಂಬುದು ನಾಯಿಗಾದರೂ ಅಷ್ಟೇ, ಟೈಲರಿಗಾದರೂ ಅಷ್ಟೇ. ಮೊಣಕೈಯ ಕೆಳಗೆ, ಹೊರಮಗ್ಗುಲಿನ ಸ್ನಾಯುವಿನ ಮೇಲೆ ಎರಡು ಬೆರಳಿಟ್ಟಳು.

"ಕೈಯಲ್ಲಿ ಲೋಟ ಇದೆ ಅಂದ್ಕೊಳ್ಳಿ. ಬಾಯಿ ಹತ್ತಿರ ತನ್ನಿ. ನಾನು ಬಿಡಲ್ಲ, ತಡೀತೀನಿ. ಹ್ಞೂಂ."

ಮಾವ ಹಲ್ಲು ಕಚ್ಚಿದರು. ಅವಳ ಬೆರಳ ಕೆಳಗೆ ಏನೋ ಸಣ್ಣಗೆ ಬಿಗಿಯಿತು. ದಾರ ಎಳೆದಷ್ಟು.

ಅವಳು ಬೆರಳು ಕದಲಿಸಲಿಲ್ಲ. ತನ್ನ ಆಸೆಯೇ ಬೆರಳಿಗಿಳಿದು ಆಟವಾಡಿಸುತ್ತಿದೆಯೋ ಏನೋ. ಒಂದು ಸಲ ಮೋಸಹೋದದ್ದು ಸಾಲದೇ?

"ಕಣ್ಣುಮುಚ್ಚಿ. ಸಡಿಲ ಬಿಡಿ. ನಾನು ಹೇಳಿದಾಗ ಮಾತ್ರ. ಈಗ." ಬಿಗಿಯಿತು. "ಬಿಡಿ." ಸಡಿಲಾಯಿತು. ಏನೂ ಹೇಳದೆ ಸುಮ್ಮನೆ ಕಾದಳು. ಏನೂ ಇಲ್ಲ. "ಈಗ." ಬಿಗಿಯಿತು.

"ಏನಮ್ಮ? ಏನಾಯ್ತು?"

"ಈಗಲೇ ಏನೂ ಹೇಳಲ್ಲ ಮಾವ. ನಾಳೆ ಮತ್ತೆ ನೋಡ್ತೀನಿ, ನಾಳಿದ್ದೂ ನೋಡ್ತೀನಿ. ಖಾತ್ರಿಯಾಗದೆ ಬಾಯಿ ಬಿಡಲ್ಲ."

"ಹೇಳಬೇಡ ಹೋಗು," ಎಂದರು ಮಾವ. ಕಣ್ಣು ಇನ್ನೂ ಮುಚ್ಚಿಯೇ ಇತ್ತು. "ಆದ್ರೆ ಬೆರಳು ತೆಗೀಬೇಡ."