ಜೋಳದ ಹೊಲದಲ್ಲಿ ತೂಗಿದ ದನಿ

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು, ಈ ನಾಲ್ಕೂ ತಾಲೂಕನ್ನು ಜರಡಿ ಹಿಡಿದು ನೋಡಿರಿ. ಮೌಸಿಗೆ ಬೆರಳು ಸೋಕಿಸದೆ, ಕರೀ ಪರದೆಯ ಮೇಲೆ ಬಿಳೀ ಅಕ್ಷರ ಕುಟ್ಟಿ ಸಿಡಿ ನಕಲು ಮಾಡುವ ಗಂಡು ನಾನೊಬ್ಬನೇ ಸಿಗುತ್ತೇನೆ. ಚನ್ನೇಶನ ಅಂಗಡಿ ಎಲ್ಲಿ ಅಂತ ಕೇಳಿದರೆ ಸವಣೂರು ಬಸ್‌ಸ್ಟ್ಯಾಂಡಿನ ನಾಯಿ ಕೂಡ ಎದ್ದು ಮುಂದೆ ಮುಂದೆ ನಡೆದು ಬಾಗಿಲತನಕ ಬಿಟ್ಟು ಹೋಗುತ್ತದೆ. ನಾನು ಎಂಟರ್ ಒತ್ತಿದರೆ ಊರಿನ ಕರೆಂಟು ಒಂದು ಗಳಿಗೆ ಉಸಿರು ಬಿಗಿಹಿಡಿಯುತ್ತದೆ.

"ಈಗಿನ ಕಾಲದಾಗ ಸಿಡಿ ಯಾರು ಕೇಳ್ತಾರ್ರಿ?" ಎಂದು ನನ್ನ ಹೆಂಡತಿ ಶೀಲಾ ದಿನಕ್ಕೊಮ್ಮೆ ಚುಚ್ಚುತ್ತಾಳೆ. ಕೇಳುವವರು ಕೇಳುತ್ತಾರೆ. ಒಂದು ಮುಂಜಾನೆ ಹತ್ತಿಮತ್ತೂರಿನ ಹನುಮಂತಪ್ಪ ಕಾಕಾ ಬಂದ. ಬಂದದ್ದಾದರೂ ಹೇಗೆ! ಕೊರಳಿಂದ ಮೊಣಕಾಲತನಕ ಸುತಳಿಗೆ ಪೋಣಿಸಿದ ಸಿಡಿಗಳ ಮಾಲೆ. ಬಿಸಿಲಿಗೆ ಅವು ಹೊಳೆದ ಹೊಳಪಿಗೆ ರಸ್ತೆಯ ಮೇಲಿನ ಟಂಟಂ ಆಟೋದವರೆಲ್ಲ ಕಣ್ಣು ಮುಚ್ಚಿ ಬ್ರೇಕು ಹಾಕಿದರು.

ಕಾಕಾ ಮಾಲೆಯನ್ನು ಮೇಜಿನ ಮೇಲೆ ಇಳಿಸಿ ಸ್ಟೂಲಿನ ಮೇಲೆ ಕುಸಿದ. "ಚನ್ನೇಶಾ, ಇದರಾಗ ಎಲ್ಲೋ ನಮ್ಮ ಹುಚ್ಚವ್ವ ಅದಾಳ. ಹುಡುಕಿ ಕೊಡು."

ಹುಚ್ಚವ್ವ ಅವನ ಹೆಂಡತಿ. ಬಸುರಿ ಹೆಣ್ಣುಮಗಳಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬಿ ಕುಬಸ ಮಾಡುತ್ತಾರಲ್ಲ, ಅಲ್ಲಿ ಪದ ಹಾಡುವುದಕ್ಕೆ ಸುತ್ತಿನ ಊರಿಗೆಲ್ಲ ಆಕೆಯೇ ಬೇಕು. ಆಕೆ ಹತ್ತಿಮತ್ತೂರಿನಲ್ಲಿ ದನಿ ಎತ್ತಿದರೆ ಹುಲಗೂರಿನಲ್ಲಿ ಖಾಲಿ ತೊಟ್ಟಿಲು ತೂಗುತ್ತಿದ್ದವು. ಇದು ಉತ್ಪ್ರೇಕ್ಷೆಯಲ್ಲ, ನಾನು ಹೇಳುತ್ತಿದ್ದೇನೆ ಅಂದಮೇಲೆ ಮುಗಿಯಿತು. ಆದರೆ ಹೋದ ವರ್ಷ ಗಂಟಲಿನ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಉಳಿಯಲಿಲ್ಲ. ಆಮೇಲೆ ಆಕೆಯ ಮಾತೆಲ್ಲ ಕೈಸನ್ನೆ. ಕರೆಯಬೇಕಾದರೆ ಚಪ್ಪಾಳೆ, ಸಿಟ್ಟು ಬಂದರೆ ತಾಟು ಕುಟ್ಟುವುದು.

ಈಗ ಮೊಮ್ಮಗಳು ಸವಿತಾ ಬಸುರಿ. ಬರುವ ಸೋಮವಾರ ತವರಿನಲ್ಲಿ ಕುಬಸ. ಆ ಮನೆಯಲ್ಲಿ ಒಂದು ರೂಢಿಯಿದೆ. ಮನೆಯ ಹಿರೇ ಹೆಂಗಸಿನ ಬಾಯಿಂದ ಮೊದಲ ಪದ ಬರಬೇಕು, ಆಮೇಲೆ ಉಡಿ ತುಂಬುವುದು. ಓಣಿಯ ಹೆಂಗಸರು "ನಾವು ಹಾಡ್ತೇವಿ ಬಿಡ್ರಿ ಅವ್ವಾರ" ಅಂದರು. ಹುಚ್ಚವ್ವ ಕೈ ಅಡ್ಡ ಆಡಿಸಿ ಟ್ರಂಕಿನ ಕಡೆ ಬೆರಳು ತೋರಿಸಿದಳು. ಸವಿತಾ ಇನ್ನೂ ತಾಯಿ ನಾಗರತ್ನಾಳ ಹೊಟ್ಟೆಯಲ್ಲಿದ್ದಾಗ ಅದೇ ಮನೆಯಲ್ಲಿ ಕುಬಸವಾಗಿತ್ತು. ಆಗ ಹುಚ್ಚವ್ವ ಹಾಡಿದ್ದನ್ನು ಯಾರೋ ಕ್ಯಾಸೆಟ್ಟಿಗೆ ಹಿಡಿದು, ಮುಂದೆ ಸಿಡಿಗೆ ಇಳಿಸಿಕೊಟ್ಟಿದ್ದರು. ಕ್ಯಾಸೆಟ್ಟಿನ ರೀಲು ಓಣಿಯ ಹುಡುಗರ ಗಾಳಿಪಟಕ್ಕೆ ಬಾಲವಾಯಿತು. ಉಳಿದದ್ದು ಆ ಒಂದು ಸಿಡಿ. ಟ್ರಂಕು ತೆಗೆದರೆ ಅದೂ ಇಲ್ಲ.

"ಎಲ್ಲಿ ಹೋಗಿತ್ರಿ ಕಾಕಾ?"

"ಹೊಲಕ್ಕ."

ಜೋಳ ಹಾಲುಗಾಳಾಗಿತ್ತು. ಗಿಳಿಗಳು ಹಿಂಡುಗಟ್ಟಿ ಬರುತ್ತಿದ್ದವು. ನಮ್ಮ ಕಡೆ ಎಲ್ಲರೂ ಮಾಡುವಂತೆ ಕಾಕಾನೂ ಹಳೇ ಸಿಡಿಗಳನ್ನು ಸುತಳಿಗೆ ಕಟ್ಟಿ ಹೊಲದ ತುಂಬ ತೂಗುಬಿಟ್ಟಿದ್ದ. ಗಾಳಿಗೆ ತಿರುಗಿ ಹೊಳೆದರೆ ಹಕ್ಕಿ ಹೆದರುತ್ತವೆ. "ಮನ್ಯಾಗಿನ ಪ್ಲೇಯರ್ ಸತ್ತು ಎಷ್ಟೋ ದಿನಾ ಆತು. ಪ್ಲೇಯರ್ ಇಲ್ದ ಪ್ಲೇಟು ಇಟಗೊಂಡು ಏನ್ಮಾಡೂದು ಅಂತ ಎಲ್ಲಾ ಬಳಕೊಂಡು ಹೋದೆ. ಮ್ಯಾಲೆ ಹೆಸರು ಬರೆದಿದ್ರು ಖರೆ, ನನಗ ಓದಾಕ ಬರಬೇಕಲ್ಲ. ಈಗ ಬಿಸಿಲಿಗೆ ಹೆಸರೂ ಅಳಿಸೇತಿ."

"ಅವ್ವಾರು ಬೈದ್ರೇನು?"

ಕಾಕಾ ನನ್ನನ್ನೇ ನೋಡಿದ. "ಬೈಯಾಕ ದನಿ ಎಲ್ಲೈತೋ ತಮ್ಮಾ? ಬೈದಿದ್ರ ಅರಾಮ ಇರ್ತಿದ್ದೆ. ಟ್ರಂಕು ಮುಚ್ಚಿದ್ಲು, ಗ್ವಾಡಿ ಕಡೆ ಮಾರಿ ಮಾಡಿ ಕುಂತ್ಲು. ತಾಟು ಸೈತ ಕುಟ್ಟಲಿಲ್ಲ. ಅವತ್ತಿನಿಂದ ನನಗ ಗಂಟಲದಾಗ ಅನ್ನ ಇಳೀವಲ್ದು."

ನಾನು ಅಂಗಿಯ ತೋಳು ಮೇಲೇರಿಸಿದೆ. ಒಂದೊಂದೇ ಸಿಡಿ ಬಿಚ್ಚಿ ಡ್ರೈವಿಗೆ ಹಾಕಿ, ಒಳಗಿರುವ ಹೆಸರು ಓದುವ ಆಜ್ಞೆ ಕೊಡುತ್ತ ಹೋದೆ. ಒಂದು ಟ್ರ್ಯಾಕ್ಟರ್ ಮಾರುವವರು ಪುಕ್ಕಟೆ ಹಂಚಿದ್ದು. ಒಂದು ಯಾರದೋ ಮದುವೆ, ಅದರಲ್ಲಿ ಊಟದ ಪಂಕ್ತಿ ಬಿಟ್ಟರೆ ಬೇರೇನೂ ಇಲ್ಲ. ಒಂದು ಯೋಗಾಸನ ಕಲಿಸುವುದು. ಕೊನೆಗೆ ಒಂದು ಸಿಡಿ, ಗಿಳಿಯ ಹಿಕ್ಕೆ, ಧೂಳು, ಅಂಚಿನಲ್ಲಿ ಒಂದು ತೂತು. ಡ್ರೈವು ಗುರ್ ಎಂದು ತಿರುಗಿಸಿ ತಿರುಗಿಸಿ ಸೋತು ಸುಮ್ಮನಾಯಿತು.

"ಇವರ ನೋಡ್ರಿ ಹುಚ್ಚವ್ವಾರು."

"ಹೆಂಗ ಗೊತ್ತಾತು?"

"ಉಳಿದಾವೆಲ್ಲ ಹೆಸರು ಹೇಳಿದ್ವು. ಇದೊಂದ ಬಾಯಿ ಬಿಡವಲ್ದು."

ಕಾಕಾ ನಗಲು ಹೋದ, ನಗು ಅರ್ಧಕ್ಕೇ ನಿಂತಿತು. ತೂತಿನ ಮೇಲೆ ಬೆರಳಿಟ್ಟ. "ದಬ್ಬಣ ಕಾಸಿ ನಾನ ಹೊಡದೇನಿ. ನಡುವಿನ ತೂತಿಗೆ ಕಟ್ಟಿದ್ರ ಸರಿಯಾಗಿ ತಿರಗೂದಿಲ್ಲೋ. ಹಾಡಿಗೇ ತಾಕಿತೇನು?"

"ಸಿಡಿ ಬರಿಯೂದು ನಡುವಿನಿಂದ ಅಂಚಿನ ಕಡೆ. ನಿಮ್ಮದು ಅರ್ಧನೂ ತುಂಬಿಲ್ಲ. ದಬ್ಬಣ ಬೀಳು ನೆಲದಾಗ ಬಿದ್ದೈತಿ. ಪೈರಿಗೆ ಏನೂ ಆಗಿಲ್ಲ. ಬಿಸಿಲು ತಿಂದದ್ದರದ್ದ ಚಿಂತಿ."

ಸಿಡಿಯನ್ನು ತೊಳೆಯುವ ಕೆಲಸ ಕಾಕಾನಿಗೇ ಕೊಟ್ಟೆ. ಗುಂಡಗೆ ಉಜ್ಜಬಾರದು, ನಡುವಿನಿಂದ ಹೊರಗೆ ನೆಟ್ಟಗೆ ಒರೆಸಬೇಕು ಅಂದೆ. ಜೀವಮಾನವೆಲ್ಲ ಎತ್ತಿನ ಮೈ ತೊಳೆದ ಕೈ ಅದು. ಸೋಪಿನ ನೀರಲ್ಲಿ ಅದ್ದಿ, ಹಸುಗೂಸಿನ ಕಿವಿ ಒರೆಸಿದಂತೆ ಒರೆಸಿದ. ನಾನು ಡ್ರೈವಿಗೆ ಮೆಲ್ಲಗೆ ತಿರುಗು ಎಂದು ಆಜ್ಞೆ ಕೊಟ್ಟೆ. ತೂತಿರುವ ಸಿಡಿಯನ್ನು ಜೋರಾಗಿ ತಿರುಗಿಸಿದರೆ ಅದು ಅದುರಿ ಅದುರಿ ಸೀಳಿಬಿಡುತ್ತದೆ. ಆಮೇಲೆ ನನ್ನ ಬ್ರಹ್ಮಾಸ್ತ್ರ. ಡಿಡಿರೆಸ್ಕ್ಯೂ ಅಂತ ಅದರ ಹೆಸರು, ಕೆಟ್ಟ ಸಿಡಿಯಿಂದ ಓದಲು ಬಂದಷ್ಟನ್ನು ಎತ್ತಿಕೊಳ್ಳುವ ಪ್ರೋಗ್ರಾಮು.

ಪರದೆಯ ಮೇಲೆ ಅಂಕಿ ಓಡತೊಡಗಿದವು. ಕಾಕಾ ಕನ್ನಡಕ ಏರಿಸಿ ನೋಡಿದ. "ಇದರಾಗ ಒಂದು ಚಿತ್ರ ಸೈತ ಇಲ್ಲಲ್ಲೋ. ಏನು ಮಾಡಾಕತ್ತೇತಿ ಇದು?"

"ಹತ್ತಿ ಬಿಡಸಾಕತ್ತೇತ್ರಿ. ಮೊದಲ ಸಲ ಅರಳಿದ ಕಾಯಿ ಅಷ್ಟ ಬಿಡಿಸಿಕೊಂಡು ಹೋಗ್ತದ. ಬಿಗಿ ಇದ್ದದ್ದನ್ನ ಎಳದು ಗಿಡಾ ಮುರಿಯೂದಿಲ್ಲ. ಎಲ್ಲಿ ಬಿಟ್ಟೆ ಅಂತ ನೆಪ್ಪಿಟ್ಟುಕೊಂಡು ಎರಡನೇ ಸಲ ಬರ್ತದ, ಮೂರನೇ ಸಲ ಬರ್ತದ."

"ಹಂಗಾರ ಶಾಣ್ಯಾ ಆಳು" ಎಂದು ಕಾಕಾ ತಲೆದೂಗಿದ.

ಶಾಣ್ಯಾ ಆಳಿಗೂ ಎಲ್ಲ ಕಾಯಿ ಸಿಗಲಿಲ್ಲ. ಮುಕ್ಕಾಲು ಪಾಲು ಬಂತು, ಉಳಿದದ್ದು ಬಿಸಿಲಿಗೆ ಕುರುಡಾಗಿತ್ತು. ಆದರೆ ಒಂದೊಂದು ಡ್ರೈವಿನ ಕಣ್ಣು ಒಂದೊಂದು ಥರ. ಇದಕ್ಕೆ ಕಾಣದ್ದು ಅದಕ್ಕೆ ಕಂಡೀತು. ನನ್ನ ಸಾಮಾನೆಲ್ಲ ಒಂದು ಪೆನ್‌ಡ್ರೈವಿನಲ್ಲಿರುತ್ತದೆ. ಯಾರ ಕಂಪ್ಯೂಟರಿಗೆ ಚುಚ್ಚಿದರೂ ಕೆಲಸ ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ. "ಏಳ್ರಿ ಕಾಕಾ" ಅಂದೆ. ಕಾಕಾ ಸಿಡಿಯನ್ನು ಬನಿಯನ್ನಿನ ಒಳಗೆ ಎದೆಗೊತ್ತಿಕೊಂಡು ನನ್ನ ಬೈಕಿನ ಹಿಂದೆ ಕುಳಿತ. ನನ್ನ ಬೈಕು ಅಂದರೆ ವಿಮಾನ, ನೆಲಕ್ಕೆ ತಾಕುವುದು ಹಂಪ್ ಬಂದಾಗ ಮಾತ್ರ.

ಶಿಗ್ಗಾವಿಯಲ್ಲಿ ಫೋಟೋ ಸ್ಟುಡಿಯೋದ ಮುಬಶೀರ. ಅವನ ಡ್ರೈವು ಅವನ ಮದುವೆಗಿಂತ ಹಳೆಯದು, ಅವನ ಪ್ರಕಾರ ಮದುವೆಗಿಂತ ಗಟ್ಟಿ. ಅದು ಒಂದಿಷ್ಟು ಬಿಡಿಸಿಕೊಟ್ಟಿತು. ಹಾನಗಲ್ಲಿನಲ್ಲಿ ಕಂಪ್ಯೂಟರ್ ಕ್ಲಾಸಿನ ಮುಮ್ತಾಜಬೇಗಂ, ಹುಚ್ಚವ್ವನ ಸಂಗತಿ ಕೇಳಿ ಪಾಠ ನಿಲ್ಲಿಸಿ, ಇಡೀ ಕ್ಲಾಸಿನ ಡ್ರೈವುಗಳನ್ನು ನಮಗೆ ಬಿಟ್ಟುಕೊಟ್ಟಳು. "ಚಾಚಾ, ಪ್ಲೇಟು ನನ್ನ ಕೈಯಾಗ ಕೊಡ್ರಿ" ಅಂದರೆ ಕಾಕಾ ಕೊಡಲಿಲ್ಲ. ಟ್ರೇಯಲ್ಲಿ ತಾನೇ ಇಡುವನು, ತಾನೇ ತೆಗೆದು ಮತ್ತೆ ಎದೆಗೆ ಹಾಕುವನು. ಅಲ್ಲಿಯೂ ಒಂದಿಷ್ಟು ಸಿಕ್ಕಿತು.

ಮಾರನೇ ದಿನ ಹಿರೇಕೆರೂರು. ಅಲ್ಲಿ ಉಳಿವೆಪ್ಪ, ಒಂದು ಕಾಲದಲ್ಲಿ ಕ್ಯಾಸೆಟ್ ಅಂಗಡಿಯ ರಾಜ, ಈಗ ಮೊಬೈಲ್ ಕವರ್ ಮಾರುತ್ತಾನೆ. ಅವನ ಕಂಪ್ಯೂಟರ್ ಕವರುಗಳ ಗುಡ್ಡದ ಕೆಳಗೆ ಹೂತಿತ್ತು, ಅಗೆದು ತೆಗೆದೆವು. ಟ್ರೇ ತಾನಾಗಿ ಒಳಗೆ ಹೋಗುವುದಿಲ್ಲ, ಹೆಬ್ಬೆರಳಿನಿಂದ ನೂಕಬೇಕು. ಆ ಮುದಿ ಡ್ರೈವು, ಏನು ಹೇಳಲಿ, ಕೆಮ್ಮುತ್ತ ಕೆಮ್ಮುತ್ತ ಉಳಿದದ್ದನ್ನೆಲ್ಲ ಬಿಡಿಸಿತು. ಒಂದು ಚೂರು ಮಾತ್ರ ಬಿಟ್ಟು. ಮುಂದಿನಿಂದ ಓದಿಸಿದೆ, ಹಿಂದಿನಿಂದ ಓದಿಸಿದೆ. ಬರಲಿಲ್ಲ.

"ಎಷ್ಟು ಹೋತು?" ಕಾಕಾ ಕೇಳಿದ.

"ಒಂದೆರಡು ಸಾಲಿನಷ್ಟ. ಅಲ್ಲೆ ಸೊನ್ನಿ ತುಂಬೇತಿ, ಸುಮ್ಮನ ಇರ್ತದ. ಚಿಂತಿ ಬಿಡ್ರಿ, ಮೊದಲಿನ ನುಡಿಯಿಂದ ತುಣುಕು ಕತ್ತರಿಸಿ ತ್ಯಾಪಿ ಹಚ್ಚತೇನಿ. ದೇವರಿಗೂ ಗೊತ್ತಾಗೂದಿಲ್ಲ."

"ದೇವರಿಗೆ ಗೊತ್ತಾಗೂದಿಲ್ಲೋ. ಹುಚ್ಚವ್ವಗ ಗೊತ್ತಾಗ್ತದ. ಹಂಗ ಬಿಡು."

ಉಳಿವೆಪ್ಪ ಸ್ಪೀಕರ್ ಹಚ್ಚಿದ. ಬಳೆಗಳ ಸದ್ದು, ಯಾರದೋ ಕೂಸಿನ ಅಳು, ಆಮೇಲೆ ಹುಚ್ಚವ್ವ. "ಹೊಸ ಮೊರದಾಗ ಬೆಳದಿಂಗಳ ಹೊಯ್ದೇನಿ, ಸೆರಗೊಡ್ಡಿ ತುಂಬಿಕೊಳ್ಳ ಮಗಳ." ಎದುರಿಗಿನ ಚಹಾದಂಗಡಿಯಲ್ಲಿ ಹಾಲು ಉಕ್ಕುವುದನ್ನು ಮರೆಯಿತು. ನಡುವೆ ಆ ಖಾಲಿ ಜಾಗ ಬಂತು, ಹೋಯಿತು. ಪದ ಮುಗಿಯುವ ಹೊತ್ತಿಗೆ, ಹಾಡಿನೊಳಗಿಂದಲೇ ಆ ದನಿ ಒಮ್ಮೆಲೇ ಚುರುಕಾಯಿತು. "ಏ, ಹೆಂಗಸರೊಳಗ ನಿಮ್ಮದೇನ್ರಿ ಕೆಲಸ? ಬಾಗಲಾಗ ಕಂಬ ನಿಂತಂಗ ನಿಂತಾರ ನೋಡು! ಎತ್ತಿಗೆ ನೀರು ಕುಡಿಸಿ ಬರ್ರಿ, ಹೋಗ್ರಿ!"

ಅವತ್ತು ಬಾಗಿಲಲ್ಲಿ ಕಂಬ ನಿಂತಿದ್ದ ಕಾಕಾ ಈಗ ಸ್ಪೀಕರಿಗೆ ಕಿವಿ ತಂದು ಹಚ್ಚಿದ.

"ಇನ್ನೊಮ್ಮೆ ಹಚ್ಚು" ಅಂದ ಕಾಕಾ. ಹಚ್ಚಿದೆ. "ಹಾಡು ಬ್ಯಾಡೋ. ಅದು, ಬೈದದ್ದು." ಮತ್ತೆ ಹಚ್ಚಿದೆ. ಉಳಿವೆಪ್ಪ ಅತ್ತ ತಿರುಗಿ, ಧೂಳಿಲ್ಲದ ಕವರುಗಳ ಧೂಳು ಒರೆಸತೊಡಗಿದ. ನನಗೂ ಹಿರೇಕೆರೂರಿನ ಧೂಳು ಕಣ್ಣಿಗೆ ಬಿತ್ತು.

"ಕುಬಸದಾಗ ಈ ಬೈಗುಳ ಯಾಕ, ಕತ್ತರಿಸಿಬಿಡ್ತೇನ್ರಿ" ಅಂದೆ.

"ಅದಕ್ಕ ಕೈ ಹಚ್ಚಿ ನೋಡು, ನಿನ್ನ ಬೆರಳು ಕತ್ತರಸ್ತೇನಿ."

ಸವಣೂರಿಗೆ ಮರಳಿ ಹೊಸ ಸಿಡಿ ಬರ್ನ್ ಮಾಡಿದೆ. ಇದ್ದುದರಲ್ಲೇ ನಿಧಾನದ ವೇಗದಲ್ಲಿ ಬರೆಸಿದೆ. ಆಮೇಲೆ ಪೆನ್‌ಡ್ರೈವಿನಲ್ಲಿ ಕೂಡಿಸಿದ್ದಕ್ಕೂ ಹೊಸ ಸಿಡಿಗೂ ಅಕ್ಷರ ಅಕ್ಷರ ಹೊಂದಿಸಿ ನೋಡುವ ಆಜ್ಞೆ ಕೊಟ್ಟೆ. ಫರಕು ಇಲ್ಲದಿದ್ದರೆ ಅದು ಏನೂ ಹೇಳುವುದಿಲ್ಲ. ಏನೂ ಹೇಳಲಿಲ್ಲ. ಶಿಗ್ಗಾವಿಗೊಂದು, ಹಾನಗಲ್ಲಿಗೊಂದು, ಹಿರೇಕೆರೂರಿಗೊಂದು ಪ್ರತಿ ಕಳಿಸಿದೆ. ಇನ್ನು ನಾಲ್ಕು ತಾಲೂಕಿನ ಜೋಳಕ್ಕೂ ಒಮ್ಮೆಲೇ ಗಿಳಿ ಬಿದ್ದರಷ್ಟೇ ಹುಚ್ಚವ್ವನ ದನಿಗೆ ಧೋಕಾ.

ಸೋಮವಾರ ನನ್ನದೇ ಪ್ಲೇಯರು, ಸ್ಪೀಕರು, ಹಳೇದು ಹೊಸದು ಎರಡೂ ಸಿಡಿ ಇಟ್ಟ ಡಬ್ಬಿ ಒಯ್ದೆ. ಪಡಸಾಲೆಯ ತುಂಬ ಹೆಂಗಸರು. ಸವಿತಾ ಹಸಿರು ಸೀರೆಯಲ್ಲಿ ಮಣೆಯ ಮೇಲೆ, ಪಕ್ಕದಲ್ಲಿ ಹುಚ್ಚವ್ವ. ಬಾಗಿಲ ಆಚೆ ಗಂಡಸರು. ಹುಚ್ಚವ್ವ ನನ್ನ ಕಡೆ ನೋಡಿ ಗದ್ದ ಎತ್ತಿದಳು. ಗುಂಡಿ ಒತ್ತಿದೆ.

ದನಿ ಎದ್ದಿತು. ಓಣಿಯ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಹೊಟ್ಟೆಯೊಳಗಿದ್ದು ಒಮ್ಮೆ ಕೇಳಿದ್ದ ಪದವನ್ನು ಸವಿತಾ ಈಗ ಹೊಟ್ಟೆಯ ಮೇಲೆ ಕೈಯಿಟ್ಟು ಕೇಳಿದಳು. ಹುಚ್ಚವ್ವ ಮಾತ್ರ ಅಳಲಿಲ್ಲ. ತನ್ನ ಪದಕ್ಕೆ ತಾನೇ ಮೆಲ್ಲಗೆ ಚಪ್ಪಾಳೆ ಹಾಕುತ್ತ ಕುಳಿತಿದ್ದಳು.

ಆಗ ಖಾಲಿ ಜಾಗ ಬಂತು. ಹಿರೇಕೆರೂರಿನಲ್ಲಿ ಚಿಟಿಕೆಯಷ್ಟಿದ್ದ ಮೌನ ಅಲ್ಲಿ ಕೆರೆಯಷ್ಟಾಯಿತು. ಎಲ್ಲರೂ ನನ್ನ ಕಡೆ ತಿರುಗಿದರು. ನಾಲ್ಕು ತಾಲೂಕಿನ ಗಂಡು ನಾನು ವಯರು ಜಗ್ಗುವಂತೆ ನಟಿಸಿದೆ. ಹುಚ್ಚವ್ವ ತಿರುಗಲಿಲ್ಲ. ಕೈ ನಿಲ್ಲಿಸಲಿಲ್ಲ. ಅದೇ ಲಯ, ಒಂಚೂರು ಜೋರು. ತುಟಿಗಳು ಸದ್ದಿಲ್ಲದೆ ಆ ಸಾಲುಗಳನ್ನು ಹಾಡುತ್ತಿದ್ದವು. ಒಂದು ಚಪ್ಪಾಳೆ ಬಿದ್ದ ಜಾಗಕ್ಕೇ ಸ್ಪೀಕರಿನಿಂದ ಆಕೆಯ ದನಿ ಮರಳಿ ಬಂದು ಸೇರಿಕೊಂಡಿತು, ಕೂದಲೆಳೆಯಷ್ಟೂ ತಪ್ಪದೆ. ನನ್ನ ಯಾವ ಆಜ್ಞೆಗೂ ಅಷ್ಟು ಕರಾರುವಾಕ್ಕು ಬರುವುದಿಲ್ಲ. ಇದನ್ನು ಶೀಲಾಗೆ ಹೇಳಬೇಡಿ.

ಆಮೇಲೆ ಬೈಗುಳ. "ಬಾಗಲಾಗ ಕಂಬ ನಿಂತಂಗ ನಿಂತಾರ ನೋಡು!"

ಎಲ್ಲರೂ ಬಾಗಿಲ ಕಡೆ ನೋಡಿದರು. ಹನುಮಂತಪ್ಪ ಕಾಕಾ ಕಂಬ ನಿಂತಂತೆಯೇ ನಿಂತಿದ್ದ. ನಗು ಚಪ್ಪರ ಹಾರಿಸಿತು. ಕಾಕಾ ತಿರುಗಿ ಹಿತ್ತಿಲಿಗೆ ನಡೆದ. ಎತ್ತು ಮಾರಿ ಎಷ್ಟೋ ವರ್ಷವಾಗಿತ್ತು. ಕೊಡ ತುಂಬಿಕೊಂಡು ಟ್ರ್ಯಾಕ್ಟರಿನ ರೇಡಿಯೇಟರಿಗೆ ನೀರು ಹಾಕಿದ.

ಒಳಗೆ ಉಡಿ ತುಂಬುವುದು ಸುರುವಾಗುತ್ತಿದ್ದಂತೆ ಹುಚ್ಚವ್ವ ಎದ್ದು ನನ್ನ ಡಬ್ಬಿಯಿಂದ ಆ ಹಳೇ ತೂತಿನ ಸಿಡಿ ತೆಗೆದುಕೊಂಡಳು. ಹಿತ್ತಿಲಿಗೆ ಹೋಗಿ ತಂಬಿಗೆಯಿಂದ ಕೊಡವನ್ನು ಠಣ್ ಠಣ್ ಕುಟ್ಟಿದಳು. ಹಿತ್ತಿಲ ಬಾಗಿಲತನಕ ನಾನೂ ಹಿಂದೆಯೇ ಹೋದೆ. ಕಾಕಾ ಬೆಚ್ಚಿ ತಿರುಗಿದ. ಸಿಡಿಯನ್ನು ಅವನ ಕೈಗೆ ತುರುಕಿ, ಹೊಲದ ಕಡೆ ಕೈ ಬೀಸಿ, ಬೆರಳನ್ನು ಕೊಕ್ಕು ಮಾಡಿ ಗಾಳಿಯಲ್ಲಿ ಕುಕ್ಕಿ ಕುಕ್ಕಿ ತೋರಿಸಿ, ಅವನ ಭುಜಕ್ಕೆ ಫಟ್ ಎಂದು ಒಂದು ಏಟು ಕೊಟ್ಟು ಒಳಗೆ ಹೋದಳು. ಮಾಲೆ ಬಿಚ್ಚಿ ತಂದ ದಿನದಿಂದ ಹೊಲಕ್ಕೆ ಕಾವಲಿರಲಿಲ್ಲ.

"ನೋಡಿದೇನೋ ಚನ್ನೇಶಾ?" ಕಾಕಾನ ಮುಖ ಅರಳಿತ್ತು. "ಬೈದ್ಲು!"

ಆ ವರ್ಷ ಹತ್ತಿಮತ್ತೂರಿನ ಗಿಳಿಗಳೆಲ್ಲ ಗಂಟುಮೂಟೆ ಕಟ್ಟಿಕೊಂಡು ರಟ್ಟೀಹಳ್ಳಿಗೆ ಹೋಗಿ ನೆಲೆಸಿದವು. ನಂಬುವವರು ನಂಬಿರಿ. ಆದರೆ ಅವತ್ತು ಕಾಕಾ ಸಿಡಿಯನ್ನು ಬಗಲಲ್ಲಿಟ್ಟುಕೊಂಡು ಹೊಲಕ್ಕೆ ಹೊರಟವನು ಅಡುಗೆಮನೆಯ ಬಾಗಿಲಲ್ಲಿ ನಿಂತು ಸೊಸೆಯನ್ನು ಕರೆದದ್ದು ನಾನು ಕಿವಿಯಾರೆ ಕೇಳಿದ್ದು.

"ನಾಗರತ್ನಾ, ಎರಡು ಹೋಳಿಗಿ ಕೊಡವಾ. ಹಸಿವಾಗೇತಿ."