ನಲವತ್ತೆರಡೂವರೆ ಇಂಚು

“ಉಸಿರು ಬಿಡು. ಹೊಟ್ಟೆ ಒಳಗೆ ಎಳ್ಕೋಬೇಡ,” ಎಂದಳು ಅಕ್ಕ.

ಬೇಕರಿ ನಡೆಸುವ ತಮ್ಮ ಅಂಗಿ ಎತ್ತಿ ಹಿಡಿದು ಹೊಲಿಗೆ ಯಂತ್ರದ ಪಕ್ಕ ನಿಂತಿದ್ದ. ಅವಳು ಹೊಕ್ಕುಳ ಮಟ್ಟಕ್ಕೆ ಟೇಪು ಸುತ್ತಿ, ಕನ್ನಡಕ ಸರಿಮಾಡಿಕೊಂಡು ನೋಡಿ, ನಲವತ್ತೆರಡೂವರೆ, ಹೋದ ವಾರದಷ್ಟೇ ಎಂದಳು. ಅವನ ಮುಖ ಸಪ್ಪಗಾಯಿತು.

ಅಕ್ಕನ ಎರಡೂ ಕಿಡ್ನಿಗಳು ಕೈಕೊಟ್ಟು ಒಂದೂವರೆ ವರ್ಷವಾಗಿತ್ತು. ವಾರಕ್ಕೆ ಮೂರು ದಿನ ಡಯಾಲಿಸಿಸ್, ಉಳಿದ ದಿನ ಕೈಲಾದಷ್ಟು ಹೊಲಿಗೆ. ತಮ್ಮನ ಕಿಡ್ನಿ ಅವಳಿಗೆ ಹೊಂದುತ್ತಿತ್ತು. ಆದರೆ ಇಷ್ಟು ಕೊಬ್ಬು ಇಟ್ಟುಕೊಂಡು ಆಪರೇಷನ್ ಮಾಡಿಸಿಕೊಂಡರೆ ನಿಮಗೇ ಅಪಾಯ, ಆರು ತಿಂಗಳಲ್ಲಿ ಇಳಿಸಿಕೊಂಡು ಬನ್ನಿ ಎಂದು ಡಾಕ್ಟರಮ್ಮ ಅವನನ್ನು ವಾಪಸು ಕಳಿಸಿದ್ದರು. ಮನೆಯಲ್ಲೇ ಸೊಂಟ, ಕತ್ತು ಅಳೆದು, ಎತ್ತರದ ಜೊತೆ ಹೊಂದಿಸಿ ನೋಡಿದರೆ ಮೈಯಲ್ಲಿ ಶೇಕಡಾ ಎಷ್ಟು ಕೊಬ್ಬು ಎಂದು ತಿಳಿಸುವ ಹಾಳೆಯೊಂದನ್ನೂ ಕೊಟ್ಟಿದ್ದರು.

ಹುಟ್ಟಿದಾಗಿನಿಂದ ಕೆನ್ನೆ ಉಬ್ಬಿದ್ದಕ್ಕೆ ಅಕ್ಕ ಅವನನ್ನು ಬನ್ನು ಎಂದೇ ಕರೆಯುತ್ತಿದ್ದಳು. ಆ ಬನ್ನು ಈಗ ಬನ್ನು ತಿನ್ನುವುದನ್ನು ಬಿಟ್ಟ. ಬೇಕರಿಯ ಯಂತ್ರ ನಿಲ್ಲಿಸಿ ಹಿಟ್ಟನ್ನು ಕೈಯಲ್ಲೇ ನಾದತೊಡಗಿದ. ಬರಿಗಾಲಲ್ಲಿ ನಿಂತರೆ ಸಣ್ಣಗೆ ಕರೆಂಟು ಹರಿಸಿ ಕೊಬ್ಬು ಅಳೆಯುವ ತೂಕದ ಯಂತ್ರವನ್ನೂ ತಂದ. ಅದು ಸ್ನಾನಕ್ಕೆ ಮೊದಲು ಮೂವತ್ತು ತೋರಿಸಿದರೆ, ಒದ್ದೆಗಾಲಲ್ಲಿ ನಿಂತಾಗ ಇಪ್ಪತ್ತಾರು ಎನ್ನುತ್ತಿತ್ತು. ತೂಕ ಇಳಿಯುತ್ತಿದೆ ಎಂದು ತೋರಿಸಿದರೂ ಅವನು ನಂಬಲಿಲ್ಲ. ಮುಖ ಇಳಿದಿದೆ ಎಂದು ಹೆಂಡತಿ ಹೇಳಿದರೆ ಸಮಾಧಾನದ ಮಾತೆಂದುಕೊಂಡ. ಮೂವತ್ತು ವರ್ಷದಲ್ಲಿ ಅಕ್ಕನ ಟೇಪು ಕಾಲಿಂಚು ತಪ್ಪಿದ್ದನ್ನು ಅವನು ಕಂಡಿರಲಿಲ್ಲ. ಪ್ಯಾಂಟುಗಳೂ ಟೇಪಿನ ಪರವಾಗಿಯೇ ಸಾಕ್ಷಿ ಹೇಳುತ್ತಿದ್ದವು, ಒಂದೂ ಸಡಿಲವಾಗಿರಲಿಲ್ಲ.

ಐದನೇ ತಿಂಗಳಲ್ಲಿ, ನನ್ನ ಕೈಲಾಗಲ್ಲ ಅನ್ಸುತ್ತೆ ಎಂದು ಅವನು ಹೇಳಿಬಿಟ್ಟ. ಅಕ್ಕ ಸೂಜಿಗೆ ದಾರ ಪೋಣಿಸುತ್ತ, ತಲೆಯೆತ್ತದೆ, ಆಗದಿದ್ದರೆ ಬಿಡು ಎಂದಳು. ಆದರೂ ಕೊಟ್ಟ ತಾರೀಖಿಗೆ ಅವನು ಆಸ್ಪತ್ರೆಗೆ ಹೊರಟ. ಅಂದು ಅವಳ ಡಯಾಲಿಸಿಸ್ ಕೂಡ ಇದ್ದದ್ದರಿಂದ ಜೊತೆಯಲ್ಲೇ ಹೋದರು.

ಇಕ್ಕಳದಂಥ ಸಾಧನದಿಂದ ನರ್ಸು ಅವನ ಎದೆ, ಹೊಟ್ಟೆ, ತೊಡೆಯ ಚರ್ಮ ಹಿಡಿದು ಅಳೆದಳು. ಕಚಗುಳಿಯಾಗಿ ಅವನು ನುಲಿದ. ಆಮೇಲೆ ಸೊಂಟಕ್ಕೆ ಟೇಪು ಸುತ್ತಿ, ಮೂವತ್ತೆಂಟು ಎಂದು ಬರೆದುಕೊಂಡಳು.

“ಸರಿಯಾಗಿ ನೋಡಿ ಸಿಸ್ಟರ್. ನಲವತ್ತೆರಡೂವರೆ ಇರ್ಬೇಕು.”

ಅವಳು ಮತ್ತೆ ಅಳೆದಳು. ಮೂವತ್ತೆಂಟೇ. ಎಲ್ಲರೂ ಕಡಿಮೆ ಬರೆಯಿರಿ ಎಂದು ಗೋಗರೆಯುತ್ತಾರೆ, ಜಾಸ್ತಿ ಕೇಳಿದವರು ನೀವೊಬ್ಬರೇ ಎಂದು ನಕ್ಕಳು.

ಅವನು ಪ್ಯಾಂಟಿನ ಪಟ್ಟಿ ತಿರುಗಿಸಿ ನೋಡಿದ. ಹಿಂದೆ, ನಡುಮಧ್ಯದಲ್ಲಿ, ಹಳೆಯ ಹೊಲಿಗೆ ಬಿಚ್ಚಿದ ತೂತುಗಳು, ಅದರ ಒಳಗೆ ಹೊಸ ಹೊಲಿಗೆ. ನಿನ್ನ ಹೆಂಡತಿಗೆ ಬಿಡುವೆಲ್ಲಿದೆ, ಇಸ್ತ್ರಿ ಮಾಡಿ ಕೊಡ್ತೀನಿ ಎಂದು ಅಕ್ಕ ಅವನ ಪ್ಯಾಂಟುಗಳನ್ನು ಒಯ್ಯುತ್ತಿದ್ದದ್ದು ಆಗ ನೆನಪಾಯಿತು.

ಹೊರಗೆ ಬೆಂಚಿನ ಮೇಲೆ ಅವಳು ಕೂತಿದ್ದಳು. ಅವನು ಪಕ್ಕದಲ್ಲಿ ಕೂತ.

“ಎಷ್ಟು ಸಲ ಹಿಡಿದು ಹೊಲಿದೆ ಪ್ಯಾಂಟನ್ನ?”

ಅವಳು ಅವನ ಕಡೆ ನೋಡಲಿಲ್ಲ. “ನಾಲ್ಕು ಸಲ.”

“ಯಾಕಕ್ಕ?”

“ನಿನ್ನ ಚಿಕ್ಕ ಮಗಳಿಗಿನ್ನೂ ನಾಲ್ಕು ವರ್ಷ. ಅವರು ನಿನ್ನನ್ನ ಮಲಗಿಸಿ ಕೊಯ್ಯೋದು ನೆನೆಸ್ಕೊಂಡ್ರೆ ನಂಗೆ ಟೇಪಿನ ಮೇಲಿನ ಅಂಕಿನೇ ಕಾಣಲ್ಲ ಕಣೋ.”

ಕೋಪ ಮಾಡಿಕೊಳ್ಳಬೇಕೆಂದು ಅವನಿಗೆ ಅನ್ನಿಸಿತು. ಆರು ತಿಂಗಳ ಬೆವರು, ಹಸಿವು, ಪ್ರತಿ ಭಾನುವಾರ ಅವಳೆದುರು ತಲೆ ತಗ್ಗಿಸಿ ನಿಂತದ್ದು ಎಲ್ಲವೂ ಕಣ್ಮುಂದೆ ಬಂತು. ಆದರೆ ಸುಳ್ಳು ಹೇಳಿ ಹೇಳಿ ಸೋತವಳ ಹಾಗೆ ಕೂತಿದ್ದ ಅವಳ ಊದಿದ ಪಾದಗಳು ಕಂಡವು.

“ನನ್ನ ಅಂಗಡಿಯಲ್ಲೇ ನಿಂತು, ಆರು ತಿಂಗಳು ಒಂದು ಚೂರು ಬನ್ನು ಬಾಯಿಗೆ ಹಾಕಿಲ್ಲ ನಾನು,” ಎಂದ. “ನೀನು ಬೇಡ ಅಂದ್ರೆ ಅದಷ್ಟೂ ದಂಡ. ಆಮೇಲೆ, ನೀನಿಲ್ದಿದ್ರೆ ನನ್ನ ಪ್ಯಾಂಟು ಯಾರು ಹಿಡೀತಾರೆ?”

ಅವಳಿಗೆ ನಗು ಬಂತು. ನಗು ಅರ್ಧಕ್ಕೇ ಅಳುವಾಯಿತು. ಸೆರಗಿನಿಂದ ಮೂಗು ಒರೆಸಿಕೊಂಡಳು.

“ಆಯ್ತು, ಕೊಡು,” ಎಂದಳು ಕೊನೆಗೆ, ಹೊಲಿಯಲು ಬಟ್ಟೆ ಇಸಿದುಕೊಳ್ಳುವವಳ ಹಾಗೆ.

ಡಾಕ್ಟರಮ್ಮ ಲೆಕ್ಕ ನೋಡಿ, ಇಷ್ಟು ಇಳಿದಿದ್ದರೆ ಸಾಕು, ಆಪರೇಷನ್ನಿಗೆ ದಿನ ಗೊತ್ತು ಮಾಡೋಣ ಎಂದರು. ಕೊಬ್ಬು, ಮೂಳೆಗಳನ್ನು ಬೇರೆ ಬೇರೆಯಾಗಿ ತೋರಿಸುವ ಸ್ಕ್ಯಾನೊಂದು ಬಾಕಿಯಿತ್ತು. ಮೈಮೇಲೆ ಲೋಹದ್ದೇನೂ ಇರಬಾರದೆಂದರು. ಅವನು ಉಂಗುರ, ಕೈಗಡಿಯಾರ ಬಿಚ್ಚಿ ಅಕ್ಕನ ಕೈಗಿಟ್ಟು ಒಳಗೆ ಹೋದ.

ಬಾಗಿಲ ಗಾಜಿನಾಚೆ ಅವನು ಅಂಗಾತ ಮಲಗಿದ್ದ. ಯಂತ್ರದ ತೋಳು ಅವನ ಮೇಲೆ ಮೆಲ್ಲಗೆ ಸರಿಯುತ್ತಿತ್ತು. ಡಯಾಲಿಸಿಸ್ಸಿಗೆ ಸೂಜಿ ಚುಚ್ಚುವ ಎಡಗೈಗೆ ಏನನ್ನೂ ಕಟ್ಟಬಾರದಾದ್ದರಿಂದ ಅವಳು ಗಡಿಯಾರವನ್ನು ಬಲಗೈಗೆ ಹಾಕಿಕೊಂಡಳು. ಅದು ಮೊಣಕೈವರೆಗೂ ಜಾರಿತು. ಅದರ ಬೆನ್ನು ಇನ್ನೂ ಬೆಚ್ಚಗಿತ್ತು.