ತಣ್ಣಗಿರುವ ಎಲೆ

ಗನ್ಸು ಪ್ರಾಂತ್ಯದ ಆ ಹಳದಿ ಮಣ್ಣಿನ ಗುಡ್ಡದಲ್ಲಿ ನಡುಮಧ್ಯಾಹ್ನ ಬುದ್ಧಿ ಇರುವವರು ಯಾರೂ ಹೊರಗೆ ಬರುವುದಿಲ್ಲ. ಯಿನ್ ಸುಫೆನ್ ಬರುತ್ತಿದ್ದಳು, ಯಾಕೆಂದರೆ ನವಣೆಯ ಎಲೆಯ ಬಿಸಿ ಅಳೆಯಬೇಕಾದ್ದೇ ಆಗ. ಅವಳ ಹಿಂದೆ ಕೊಡೆ ಹಿಡಿದು ಗಂಡ ಫಂಗ್ ಬಾವೋಶಾನ್ ಬರುತ್ತಿದ್ದ. ಬಸ್ಸು ಓಡಿಸಿ ನಿವೃತ್ತನಾದವನು. ಹೋದ ವರ್ಷ ಅವಳು ಇದೇ ಹೊಲದಲ್ಲಿ ತಲೆ ತಿರುಗಿ ಬಿದ್ದಿದ್ದಳು. ಅಂದಿನಿಂದ ಬೇಡವೆಂದರೂ ಅವನು ಕೇಳುವ ಆಸಾಮಿಯಲ್ಲ.

"ರೀ ಫಂಗ್, ನಿಮಗೆ ಮನೇಲಿ ಕೆಲಸ ಇಲ್ವಾ?"

"ಇದೆ. ನೀನು ಬಿದ್ರೆ ಹೊತ್ಕೊಂಡು ಹೋಗೋ ಕೆಲಸ. ಅದಕ್ಕೇ ಮುಂಚೇನೇ ಬಂದ್ಬಿಟ್ಟೆ."

"ಮಾತಿಗೇನೂ ಕಮ್ಮಿ ಇಲ್ಲ."

ಬರಕ್ಕೆ ಜಗ್ಗದ ತಳಿ ಹುಡುಕುವುದೆಂದರೆ ಸಂಬಂಧ ನೋಡಿದ ಹಾಗೆ. ಒಂದೊಂದರಲ್ಲಿ ಒಂದೊಂದು ಗುಣ, ಒಂದೊಂದು ಕೊಂಕು. ಒಂದು ಬಿಸಿಲಿಗೆ ಎಲೆ ಸುತ್ತಿಕೊಂಡು ನೀರು ಉಳಿಸುತ್ತದೆ, ಆದರೆ ಕಾಳು ಜೊಳ್ಳು. ಇನ್ನೊಂದು ಕೊನೆತನಕ ಹಸಿರಾಗಿರುತ್ತದೆ, ತೆನೆ ಬಿಡುವುದೇ ತಡ. ಸುಫೆನ್ ನಂಬಿದ್ದು ಒಂದೇ ಗುಣವನ್ನು: ಉರಿಬಿಸಿಲಲ್ಲೂ ಎಲೆ ತಣ್ಣಗಿದ್ದರೆ ಬೇರು ಆಳದಲ್ಲಿ ನೀರು ಕಂಡಿದೆ ಎಂದೇ ಅರ್ಥ. ಆ ಬೇಸಿಗೆಯಲ್ಲಿ ಎಲ್ಲಕ್ಕಿಂತ ತಣ್ಣಗಿದ್ದದ್ದು ಅವಳೇ ವರ್ಷಾನುಗಟ್ಟಲೆ ಆರಿಸಿ ಬೆಳೆಸಿದ ತಳಿ. ಕಾಗದದಲ್ಲಿ ಅದಕ್ಕೊಂದು ನಂಬರು, ಅವಳ ಬಾಯಲ್ಲಿ ಅದು 'ಕಿರಿ ಮಗಳು'.

ಅವಳು ಕೆಲಸ ಮಾಡುವ ತಳಿ ಸಂಶೋಧನಾ ಕೇಂದ್ರದಿಂದ ಆ ವರ್ಷ ಒಂದೇ ಒಂದು ತಳಿ ರೈತರ ಹೊಲಕ್ಕೆ ಹೋಗುವುದಿತ್ತು. ಮರುದಿನವೇ ಆಯ್ಕೆ. ಕಿರಿ ಮಗಳಿಗೆ ಪೈಪೋಟಿ ಎಂದರೆ ಶಿಷ್ಯೆ ಯಾಲಾನ್ ಆರಿಸಿದ ತಳಿ. ತಣ್ಣಗಿರುವುದರಲ್ಲಿ ಅದು ಎರಡನೆಯದು. ಚಳಿಗಾಲಕ್ಕೆ ಸುಫೆನ್ ನಿವೃತ್ತಿ. ಅಷ್ಟರೊಳಗೆ ತನ್ನ ಕೈಯ ಒಂದು ಬೀಜವಾದರೂ ರೈತರ ಮಣ್ಣು ಕಾಣಬೇಕೆಂದು ಅವಳ ಜೀವ ಹಂಬಲಿಸುತ್ತಿತ್ತು.

ಅಂದು ಕೊನೆಯ ಅಳತೆ. ಜ್ವರ ನೋಡಲು ಹಣೆಗೆ ಹಿಡಿಯುತ್ತಾರಲ್ಲ, ಅಂಥದೇ ಒಂದು ಗನ್ನು ಅವಳ ಕೈಯಲ್ಲಿ. ಬೇರೆ ಪಾತಿಗಳಿಗೆಲ್ಲ ನಿಂತ ನಿಲುವಿನಲ್ಲೇ ಅದನ್ನು ತೋರಿಸಿ ಬಿರಬಿರನೆ ಮುಂದೆ ಹೋದಳು. ಕಿರಿ ಮಗಳ ಹತ್ತಿರ ಮಾತ್ರ ಎಂದಿನಂತೆ ಕುಕ್ಕರುಗಾಲಲ್ಲಿ ಕೂತು, ಎಲೆ ಸವರಿ, ತೆನೆ ಎತ್ತಿ ನೋಡಿ, ಮನಸಾರೆ ಮುದ್ದು ಮಾಡಿದಳು. ಆಮೇಲೆ ಗನ್ ಎತ್ತಿದಳು. ಎತ್ತಿದ ಕೈ ಹಾಗೇ ನಿಂತಿತು.

ಮುಂದಿದ್ದ ಎಲೆಗಳು ಅಗಲವಾಗಿ ಬಿಚ್ಚಿಕೊಂಡಿದ್ದವು. ಮೊಳದಾಚೆ ಅದೇ ಸಾಲಿನ ಎಲೆಗಳು ಸುರುಟಿಕೊಂಡಿದ್ದವು. ನಡುವೆ ಕೊಡೆಯ ನೆರಳಿನ ಅಂಚು ಬಿದ್ದಿತ್ತು.

"ನಾನು ಇಲ್ಲಿ ಕೂತಾಗೆಲ್ಲ ಕೊಡೆ ಹಿಡೀತಿದ್ರಾ?"

"ಮತ್ತೆ? ಬೇರೆ ಕಡೆ ಓಡ್ತಾನೇ ಇರ್ತೀಯ, ಹಿಡಿಯೋಕಾಗುತ್ತಾ? ಇಲ್ಲಿ ಕೂತ್ರೆ ಏಳೋದೇ ಇಲ್ಲ. ತಲೆ ಸುಡಲ್ವಾ?"

"ಮಡಚಿ ಅದನ್ನ!"

ಇಬ್ಬರೂ ಬಿಸಿಲಲ್ಲಿ ಕಾದರು. ಬಿಚ್ಚಿದ್ದ ಎಲೆಗಳೂ ಒಂದೊಂದಾಗಿ ಸುರುಟಿಕೊಂಡವು. ಗನ್ ತೋರಿಸಿದ ಬಿಸಿ ಯಾಲಾನಳ ತಳಿಗಿಂತ ಮೇಲಿತ್ತು, ಬಹಳ ಮೇಲೆ. ಅಳೆಯುವ ಎಲೆಗೆ ನೆರಳು ಬೀಳಬಾರದೆಂದು ಹೊಸದಾಗಿ ಬಂದವರಿಗೆ ಮೊದಲ ದಿನವೇ ಪಾಠ ಹೇಳುವವಳು ಅವಳೇ. ಆದರೆ ಗಂಡನಿಗೆ ಒಗ್ಗಿಹೋದಷ್ಟೇ ಅವನ ಕೊಡೆಗೂ ಒಗ್ಗಿಹೋಗಿದ್ದಳು. ಅದು ಅವಳ ಕಣ್ಣಿಗೇ ಬಿದ್ದಿರಲಿಲ್ಲ.

ಫಂಗ್‌ನ ಮುಖ ಸಣ್ಣಗಾಯಿತು. "ನಾನು ಕೆಡಿಸ್ಬಿಟ್ನಾ?" ಎಂದ. ಆಮೇಲೆ ಸುತ್ತ ಕಣ್ಣು ಹಾಯಿಸಿ, "ಯಾರೂ ನೋಡಿಲ್ಲ ಕಣೇ. ನಾನಂತೂ ಬಾಯಿ ಬಿಡಲ್ಲ" ಎಂದ.

"ಮಳೆ ಕೈಕೊಟ್ಟಾಗ ಒಬ್ಬೊಬ್ಬ ರೈತನ ಹೊಲಕ್ಕೂ ಹೋಗಿ ಕೊಡೆ ಹಿಡೀತೀರಾ? ಸುಮ್ನಿರಿ."

ಅಲ್ಲಿಂದಲೇ ಯಾಲಾನಳಿಗೆ ಫೋನ್ ಮಾಡಿದಳು. "ನಾಳೆ ನಿನ್ನ ತಳಿನೇ ಹೋಗ್ಲಿ. ನನ್ನದರ ಅಳತೆಯೆಲ್ಲ ತಪ್ಪು. ನಮ್ಮ ಮುದುಕ ಕೊಡೆ ಹಿಡಿದಿದ್ದಾರೆ."

"ಮೇಡಂ, ಮುಂದಿನ ವರ್ಷ ಇನ್ನೊಂದ್ಸಲ ನೋಡೋಣ..."

"ಮುಂದಿನ ವರ್ಷ ನಾನೆಲ್ಲಿರ್ತೀನಮ್ಮಾ?" ಎಂದು ಫೋನ್ ಇಟ್ಟಳು. ಆಗ ಅಳು ಬಂತು. ತಡೆಯದೆ ಅತ್ತಳು.

ಫಂಗ್ ಮಡಚಿದ ಕೊಡೆ ಹಿಡಿದು ನಿಂತಿದ್ದ. ಬೇಸಿಗೆಯಿಡೀ ಹೆಂಡತಿಯ ತಲೆಗಷ್ಟೇ ಕೊಡೆ ಹಿಡಿದವನ ಮುಖ, ಕತ್ತು ಕಪ್ಪಿಟ್ಟು ಹೋಗಿದ್ದವು. ಮೂಗಿನ ಚರ್ಮ ಸುಲಿದಿತ್ತು. ಕಣ್ಣೊರೆಸಿಕೊಂಡು ತಲೆಯೆತ್ತಿದ ಸುಫೆನ್ ಅದನ್ನು ಆಗಷ್ಟೇ ನೋಡಿದಳು. ಗನ್ ಎತ್ತಿ ಅವನ ಹಣೆಗೆ ಹಿಡಿದಳು.

"ಎಷ್ಟಿದೆ?" ಎಂದ ಅವನು, ಹೆದರುತ್ತಲೇ.

"ಈ ಹೊಲದಲ್ಲಿ ಇಷ್ಟು ಬಿಸಿಯಾಗಿರೋದು ಇನ್ಯಾವುದೂ ಇಲ್ಲ. ಕೊಡಿ ಇಲ್ಲಿ."

ಕೊಡೆ ಕಿತ್ತುಕೊಂಡು ಬಿಚ್ಚಿ ಅವನ ತಲೆಯ ಮೇಲೆ ಹಿಡಿದಳು. ಅವನು ಎತ್ತರದ ಆಳು. ಮನೆ ಮುಟ್ಟುವವರೆಗೂ ಅವಳು ಕೈ ಮೇಲೆತ್ತಿಯೇ ನಡೆಯಬೇಕಾಯಿತು.